ಪಸೆ ಆರುವ ಮೊದಲೇ ಕಾಳು ಕಟ್ಟಬೇಕು: ಕರಾವಳಿಯ ಗದ್ದೆಗೆ ಎಂಥ ಉದ್ದು ಬೇಕು?

ನವೆಂಬರ್ ತಿಂಗಳಲ್ಲಿ ಉಡುಪಿಯಿಂದ ಕುಂದಾಪುರದ ಕಡೆ ಹೊರಟರೆ ಹೆದ್ದಾರಿಯ ಎರಡೂ ಬದಿಗೆ ಕೊಯ್ಲಾದ ಗದ್ದೆಗಳು ಕಾಣುತ್ತವೆ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ ಮನೆ ಸೇರಿರುತ್ತದೆ. ಕೆಲವು ಗದ್ದೆಗಳಲ್ಲಿ ಟಿಲ್ಲರ್ ಓಡುತ್ತಿರುತ್ತದೆ, ಉದ್ದು ಬಿತ್ತಲು. ಉಳಿದವು ಮುಂದಿನ ಮಳೆಗಾಲದವರೆಗೆ ಸುಮ್ನೆ ಬಿದ್ದಿರುತ್ತವೆ. ಅದೇ ಹೊತ್ತಿಗೆ ನಮ್ಮ ದಿನಸಿ ಅಂಗಡಿಗಳಿಗೆ ಉದ್ದಿನ ಬೇಳೆಯ ಮೂಟೆಗಳು ಘಟ್ಟದ ಆಚೆಯಿಂದ ಬಂದಿಳಿಯುತ್ತವೆ. ದೇಶಕ್ಕೆ ಸಾಲದ ಉದ್ದು ಮ್ಯಾನ್ಮಾರ್‌ನಿಂದಲೂ ಬರುತ್ತದೆ.

ಇಡ್ಲಿ, ದೋಸೆಗೆ ಹೆಸರಾದ ಜಿಲ್ಲೆಯಲ್ಲೇ ಹೀಗೇಕೆ ಅಂತ ರೈತರನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಇದು: “ಉದ್ದು ಹಾಕಿದ್ರೆ ಗಿಟ್ಟುವುದಿಲ್ಲ ಮಾರಾಯ್ರೆ.” ಅವರ ಲೆಕ್ಕ ಸರಿಯಾಗಿಯೇ ಇದೆ. ಊರ ಉದ್ದಿಗೆ ಒಳ್ಳೆಯ ಬೇಡಿಕೆ ಇದ್ದರೂ ಎಕರೆಗೆ ಎರಡು ಕ್ವಿಂಟಾಲ್ ಬಂದರೆ ಉಳುಮೆ, ಬೀಜ, ಕೀಳುವ ಕೂಲಿ ಕಳೆದು ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಆ ಎರಡು ಕ್ವಿಂಟಾಲ್ ನಾಲ್ಕಾಗಲು ಏನು ಬೇಕು? ಹೊಸ ತಳಿ ಅಂತ ಥಟ್ಟನೆ ಹೇಳಿಬಿಡಬಹುದು. ಆದರೆ ಎಂಥ ತಳಿ ಅನ್ನುವುದೇ ಮುಖ್ಯ. ಆಂಧ್ರದಲ್ಲೋ ಉತ್ತರ ಪ್ರದೇಶದಲ್ಲೋ ಭರ್ಜರಿ ಇಳುವರಿ ಕೊಟ್ಟ ತಳಿ ನಮ್ಮ ಗದ್ದೆಯಲ್ಲಿ ಸೋಲಬಹುದು. ನಮ್ಮಲ್ಲಿ ಓಟ ಇರುವುದು ನೆಲದ ಪಸೆಯ ಜೊತೆ. ಅದು ಆರುವ ಮೊದಲೇ ಕಾಳು ತುಂಬಿಸಿಕೊಳ್ಳುವ ಗಿಡ ನಮಗೆ ಬೇಕು. ಬೇರೆ ಎಲ್ಲ ಗುಣಗಳೂ ಅದರ ನಂತರ.

ಬೇಳೆಕಾಳು ಭತ್ತದಷ್ಟು ಯಾಕೆ ಕೊಡುವುದಿಲ್ಲ?

ಮೊದಲು ಇದೊಂದನ್ನು ತಿಳಿದುಕೊಳ್ಳೋಣ. ದೇಶದಲ್ಲಿ ಎಲ್ಲ ಬೇಳೆಕಾಳುಗಳನ್ನು ಒಟ್ಟಿಗೆ ಹಿಡಿದರೆ ಸರಾಸರಿ ಇಳುವರಿ ಹೆಕ್ಟೇರಿಗೆ 9 ಕ್ವಿಂಟಾಲಿನ ಆಸುಪಾಸು. ಅಕ್ಕಿಯದ್ದು ಸುಮಾರು ಮೂರು ಪಟ್ಟು. ಇದಕ್ಕೆ ಒಂದು ಕಾರಣ ಗಿಡದ ಒಳಗೇ ಇದೆ. 100 ಗ್ರಾಂ ಅಕ್ಕಿಯಲ್ಲಿ ಪ್ರೋಟೀನ್ 7 ಗ್ರಾಂ ಇದ್ದರೆ ಉದ್ದಿನಲ್ಲಿ ಸುಮಾರು 24 ಗ್ರಾಂ ಇರುತ್ತದೆ. ಎಲೆ ಬಿಸಿಲಿನಲ್ಲಿ ತಯಾರಿಸುವುದು ಸಕ್ಕರೆ. ಅದನ್ನು ಪಿಷ್ಟ ಮಾಡಿ ಕಾಳಿಗೆ ತುಂಬುವುದು ಗಿಡಕ್ಕೆ ಸುಲಭ. ಪ್ರೋಟೀನ್ ಮಾಡಿ ತುಂಬಬೇಕಾದರೆ ಹೆಚ್ಚುಕಡಿಮೆ ಎರಡು ಪಟ್ಟು ಸಕ್ಕರೆ ಖರ್ಚಾಗುತ್ತದೆ. ಸಾಲದ್ದಕ್ಕೆ, ಬೇರಿನ ಗಂಟುಗಳಲ್ಲಿ ಇದ್ದುಕೊಂಡು ಗಾಳಿಯ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾಗಳನ್ನೂ ಗಿಡವೇ ಸಾಕಬೇಕು. ಹಾಗಾಗಿ ತೂಕದಲ್ಲಿ ಉದ್ದನ್ನು ಭತ್ತಕ್ಕೆ ಹೋಲಿಸುವುದೇ ಸರಿಯಲ್ಲ.

ಇನ್ನೊಂದು ಕಾರಣ ಚರಿತ್ರೆಯದ್ದು. 1960ರ ದಶಕದಲ್ಲಿ ಗೋಧಿಗೆ, ಭತ್ತಕ್ಕೆ ಗಿಡ್ಡ ತಳಿಗಳು ಬಂದವು. ಗೊಬ್ಬರ, ನೀರು ಕೊಟ್ಟಷ್ಟೂ ತೆನೆ ತುಂಬಿತು. ಉದ್ದಿಗೆ, ಹೆಸರುಕಾಳಿಗೆ ಹಾಗೆ ಕೊಟ್ಟರೆ ಸೊಪ್ಪು ಜಾಸ್ತಿಯಾಗುತ್ತದೆ, ಕಾಯಿ ಕಡಿಮೆಯಾಗುತ್ತದೆ. ಹೂವಿನಲ್ಲಿ ದೊಡ್ಡ ಪಾಲು ಕಾಯಿಯಾಗದೆ ಉದುರಿ ಹೋಗುತ್ತದೆ. ಹೀಗಾಗಿ ನೀರಿರುವ ಜಮೀನೆಲ್ಲ ಗೋಧಿ, ಭತ್ತಕ್ಕೆ ಹೋಯಿತು. ಬೇಳೆಕಾಳು ಒಣಭೂಮಿಗೆ, ಇಲ್ಲವೇ ಭತ್ತದ ನಂತರ ಉಳಿದ ತೇವಕ್ಕೆ ಸರಿಯಿತು.

ಮಜಲು ಗದ್ದೆಯ ಲೆಕ್ಕ

ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಡಿಸೆಂಬರ್ ಕಳೆದ ಮೇಲೆ ನಾಲ್ಕು ಹನಿ ಬಿದ್ದರೆ ಅದೇ ದೊಡ್ಡ ಸುದ್ದಿ. ನಮ್ಮ ಮುರಕಲ್ಲಿನ ಮಣ್ಣಿಗೆ ನೀರು ಹಿಡಿದಿಡುವ ಶಕ್ತಿಯೂ ಕಡಿಮೆ. ಕಲಬುರಗಿಯ ಕರಿಮಣ್ಣಿನಲ್ಲಿ ಮಳೆ ನಿಂತು ತಿಂಗಳುಗಳಾದರೂ ಕಡಲೆ ಹಸುರಾಗಿರುತ್ತದೆ. ಇಲ್ಲಿ ಆ ಭಾಗ್ಯ ಇಲ್ಲ.

ಗದ್ದೆಗಳೆಲ್ಲ ಒಂದೇ ಥರ ಇಲ್ಲ ಅನ್ನುವುದು ಕರಾವಳಿಯವರಿಗೆ ಗೊತ್ತೇ ಇದೆ. ತಗ್ಗಿನ ಬೈಲು ಗದ್ದೆಯಲ್ಲಿ ಕೊಯ್ಲಾದ ಮೇಲೂ ನೀರು ಜಿನುಗುತ್ತದೆ. ಅಲ್ಲಿ ಬೇಗ ಬಿತ್ತಿದರೆ ಉದ್ದಿನ ಬೇರು ಕೊಳೆಯುತ್ತದೆ. ಎರಡನೇ ಬೆಳೆಯಾದ ಸುಗ್ಗಿ ಭತ್ತಕ್ಕೆ ಅದು ಒಳ್ಳೆಯ ಜಾಗ. ಎತ್ತರದ ಬೆಟ್ಟು ಗದ್ದೆ ಬೇಗ ಒಣಗುತ್ತದೆ. ಅಲ್ಲಿ ಹುರುಳಿ ಹೇಗೋ ಬದುಕಿಕೊಳ್ಳುತ್ತದೆ. ಉದ್ದಿಗೆ, ಹೆಸರಿಗೆ, ಅಲಸಂಡೆಗೆ ಹೇಳಿ ಮಾಡಿಸಿದ್ದು ನಡುವಿನ ಮಜಲು.

ಈಗ ದಿನ ಎಣಿಸಿ ನೋಡಿ. ಉದ್ದು ಬಿತ್ತಿದ 35–40 ದಿನಕ್ಕೆ ಹೂ ಬಿಡುತ್ತದೆ, 75–80 ದಿನಕ್ಕೆ ಕೀಳಲು ಬರುತ್ತದೆ. ನವೆಂಬರ್ ಮಧ್ಯದಲ್ಲಿ ಬಿತ್ತಿದರೆ ಜನವರಿ ಕೊನೆಗೆ ಕೆಲಸ ಮುಗಿಯುತ್ತದೆ. ಕಾಳು ತುಂಬುವಾಗ ಬೇರಿನ ಬುಡದಲ್ಲಿ ಸ್ವಲ್ಪವಾದರೂ ಪಸೆ ಇರುತ್ತದೆ. ಡಿಸೆಂಬರ್ ಮಧ್ಯಕ್ಕೆ ಹೋಯಿತೋ, ಕಾಳು ತುಂಬಬೇಕಾದ ಹೊತ್ತು ಫೆಬ್ರವರಿಗೆ ಬೀಳುತ್ತದೆ. ಅಷ್ಟರಲ್ಲಿ ನೆಲ ಬಿರುಸಾಗಿರುತ್ತದೆ, ಬಿಸಿಲು ಏರಿರುತ್ತದೆ. ಕಾಯಿ ಕಾಣಲು ಉದ್ದವಾಗಿಯೇ ಇರುತ್ತದೆ, ಬಿಡಿಸಿದರೆ ಒಳಗೆ ಎರಡೋ ಮೂರೋ ಕಾಳು, ಅವೂ ಸುರುಟಿಕೊಂಡಿರುತ್ತವೆ.

ಬಿತ್ತನೆ ತಡವಾಗುವುದು ಎಲ್ಲಿ? ಹೆಚ್ಚಿನ ಸಲ ಭತ್ತದಲ್ಲಿ. ಎಂಒ-4 ನಮ್ಮ ಜನ ಇಷ್ಟಪಟ್ಟು ಬೆಳೆಯುವ ತಳಿ. ಜ್ಯೋತಿ ಅದಕ್ಕಿಂತ ಬೇಗ ಕೊಯ್ಲಿಗೆ ಬರುತ್ತದೆ. ಮಜಲಿನಲ್ಲಿ ಯಾವ ಭತ್ತ ನೆಡುತ್ತೀರಿ ಅನ್ನುವಲ್ಲೇ ಉದ್ದಿನ ಭವಿಷ್ಯ ಅರ್ಧ ತೀರ್ಮಾನವಾಗುತ್ತದೆ. ಆಮೇಲೆ ಕಟಾವು ಯಂತ್ರದ ಸರದಿ. ಊರಿಗೆಲ್ಲ ಒಂದೋ ಎರಡೋ ಬಾಡಿಗೆ ಯಂತ್ರ. ಹಿಂಗಾರು ಮಳೆ ಒಂದು ವಾರ ಹಿಡಿದುಕೊಂಡರೆ ಸರದಿ ಇನ್ನೂ ಹಿಂದೆ ಬೀಳುತ್ತದೆ. ಭಾರದ ಯಂತ್ರ ಹಸಿ ಗದ್ದೆಗೆ ಇಳಿದರೆ ಚಕ್ರದ ಜಾಡಿನಲ್ಲಿ ಮಣ್ಣು ಗಟ್ಟಿಯಾಗುತ್ತದೆ, ಅಲ್ಲಿ ಬೇರು ಇಳಿಯುವುದಿಲ್ಲ. ಉದ್ದಿನ ಮಾತು ಬಂದಾಗ ಈ ವಿಷಯ ಯಾಕೋ ಯಾರೂ ಎತ್ತುವುದಿಲ್ಲ.

ಆಂಧ್ರದ ಕೃಷ್ಣಾ–ಗೋದಾವರಿ ಮುಖಜ ಭೂಮಿಯಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಭತ್ತ ಕೊಯ್ಯುವ ಕೆಲವು ದಿನ ಮೊದಲೇ, ನಿಂತ ಪೈರಿನ ನಡುವೆ ಉದ್ದು ಎರಚುತ್ತಾರೆ. ಕೊಯ್ಲಾಗುವಾಗ ಮೊಳಕೆ ಬಂದಿರುತ್ತದೆ. ಗುಂಟೂರು ಹತ್ತಿರದ ಲಾಂ ಸಂಶೋಧನಾ ಕೇಂದ್ರದ ‘ಎಲ್‌ಬಿಜಿ’ ತಳಿಗಳ ಹೆಸರಿನಲ್ಲಿರುವ ಎಲ್ ಅಕ್ಷರ ಲಾಂ ಊರಿನದ್ದೇ. ಆ ಸಾಲಿನ ಎಲ್‌ಬಿಜಿ-625 ‘ರಶ್ಮಿ’ ಎಂಬ ಹೆಸರಲ್ಲಿ ಕರ್ನಾಟಕಕ್ಕೂ ಬಂದಿದೆ. ಆದರೆ ಅಲ್ಲಿನ ಮುಖಜ ಭೂಮಿಯ ಜೇಡಿಮಣ್ಣು ತೇವವನ್ನು ಬಹಳ ದಿನ ಹಿಡಿದಿಡುತ್ತದೆ. ಇಲ್ಲಿ ಕೂಳೆಯ ನಡುವೆ ಎರಚಿ ಬಿಟ್ಟರೆ ಅಷ್ಟೇ ಫಲ ಬರುತ್ತದೆ ಅಂತ ನಂಬಬಾರದು.

ಒಂದು ತಳಿ ಹುಟ್ಟುವ ಬಗೆ

ಉದ್ದಿನ ಹೂವು ಅರಳುವ ಮೊದಲೇ ಒಳಗೊಳಗೇ ಪರಾಗಸ್ಪರ್ಶ ಮುಗಿಸಿಬಿಡುತ್ತದೆ. ಸಣ್ಣ ರೈತರಿಗೆ ಇದರಿಂದ ದೊಡ್ಡ ಅನುಕೂಲ ಇದೆ. ಗಿಡ ತನ್ನ ಗುಣವನ್ನು ಹಾಗೇ ಬೀಜಕ್ಕೆ ದಾಟಿಸುತ್ತದೆ. ಹೈಬ್ರಿಡ್ ಜೋಳದ ಹಾಗೆ ಪ್ರತಿ ವರ್ಷ ಬೀಜಕ್ಕೆ ದುಡ್ಡು ಸುರಿಯಬೇಕಿಲ್ಲ.

ತಳಿ ವಿಜ್ಞಾನಿಗಳಿಗೆ ಮಾತ್ರ ಇದೇ ಕಷ್ಟ. ಎರಡು ಗಿಡಗಳ ಗುಣ ಸೇರಿಸಬೇಕಾದರೆ ಹೂವಿಗಿಂತ ಮುಂಚೆ ಅವರು ಎದ್ದಿರಬೇಕು. ಸಂಜೆ ಹೊತ್ತಿಗೆ, ಮರುದಿನ ಅರಳಲಿರುವ ಮೊಗ್ಗನ್ನು ಹುಡುಕುತ್ತಾರೆ. ಸೂಜಿಮೊನೆಯ ಚಿಮಟದಿಂದ ಎಸಳು ಸರಿಸಿ, ಒಳಗಿನ ಹತ್ತು ಕೇಸರಗಳನ್ನು ಒಂದೂ ಉಳಿಯದಂತೆ ಕಿತ್ತು ತೆಗೆಯುತ್ತಾರೆ. ನಡುವಿನ ಶಲಾಕೆಗೆ, ಅಂದರೆ ಹೂವಿನ ಹೆಣ್ಣು ಭಾಗಕ್ಕೆ ತಾಗಬಾರದು. ತಾಗಿದರೆ ಮೊಗ್ಗು ಉದುರುತ್ತದೆ. ಮರುದಿನ ಬೆಳಗ್ಗೆ ಇನ್ನೊಂದು ಗಿಡದ ಪರಾಗ ತಂದು ಸವರಿ, ಗುರುತಿಗೆ ದಾರ ಕಟ್ಟುತ್ತಾರೆ. ಇಷ್ಟು ಮಾಡಿದರೂ ಬಹಳಷ್ಟು ಮೊಗ್ಗು ಉದುರಿಯೇ ಹೋಗುತ್ತದೆ. ನಿಂತ ಕಾಯಿಯಲ್ಲಿ ಸಿಗುವುದು ನಾಲ್ಕೈದು ಕಾಳು.

ಆ ಕಾಳು ಬಿತ್ತಿ, ಅದರಿಂದ ಸಿಕ್ಕಿದ ಬೀಜವನ್ನು ಮತ್ತೆ ಬಿತ್ತಿದರೆ ಬರುವ ಎರಡನೇ ಪೀಳಿಗೆಯಲ್ಲಿ ಗುಣಗಳೆಲ್ಲ ಚದುರಿ ಹೋಗುತ್ತವೆ. ಒಂದು ಗಿಡ ಬೇಗ ಹೂ ಬಿಡುತ್ತದೆ, ರೋಗಕ್ಕೆ ಬೀಳುತ್ತದೆ. ಇನ್ನೊಂದು ರೋಗ ತಡೆಯುತ್ತದೆ, ಕಾಳು ಸಣ್ಣದು. ಎರಡೂ ಗುಣ ಕೂಡಿದ ಗಿಡಗಳನ್ನು ಆರಿಸುತ್ತಾ ಆರೇಳು ಪೀಳಿಗೆ ಸಾಗಬೇಕು. ಆಮೇಲೆ ಕೇಂದ್ರದ ಜಮೀನಿನಲ್ಲಿ ಪರೀಕ್ಷೆ, ಬೇರೆ ಬೇರೆ ಊರುಗಳಲ್ಲಿ ಪರೀಕ್ಷೆ, ಬಿಡುಗಡೆ, ಬೀಜೋತ್ಪಾದನೆ. ಮೊಗ್ಗಿನಿಂದ ರೈತರ ಕೈ ತಲುಪುವ ತನಕ ಹತ್ತು ಹನ್ನೆರಡು ವರ್ಷ ಹಿಡಿಯುವುದು ಮಾಮೂಲು. ಹೊಸ ತಂತ್ರಜ್ಞಾನದ ಕೆಲಸ ಇರುವುದು ಈ ಅವಧಿಯನ್ನು ಮೊಟಕು ಮಾಡುವುದರಲ್ಲಿ.

ಹಳೆಯ ಅಡ್ಡದಾರಿ ಒಂದಿತ್ತು, ವಿಕಿರಣ. ಬೀಜಕ್ಕೆ ಗಾಮಾ ಕಿರಣ ಹಾಯಿಸಿದರೆ ಡಿಎನ್‌ಎಯಲ್ಲಿ ಅಲ್ಲಲ್ಲಿ ಬದಲಾವಣೆ ಆಗುತ್ತದೆ. ಸಾವಿರಾರು ಗಿಡಗಳಲ್ಲಿ ಎಲ್ಲೋ ಒಂದು ಉಪಯೋಗಕ್ಕೆ ಬರುತ್ತದೆ. ಅಂಥ ಗಿಡವನ್ನು ಬಳಸಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಅಕೋಲಾದ ಕೃಷಿ ವಿಶ್ವವಿದ್ಯಾಲಯ ಸೇರಿ ಕೊಟ್ಟ ಟಿಎಯು-1 ಉದ್ದು 1985ರಲ್ಲಿ ಬಿಡುಗಡೆಯಾಯಿತು. ಮಹಾರಾಷ್ಟ್ರ, ಕರ್ನಾಟಕದಲ್ಲಿ ಅದು ಚೆನ್ನಾಗಿ ಓಡಿದೆ. ಕಿರಣ ತಾಗಿದ್ದು ಮೂಲ ಬೀಜಕ್ಕೆ ಮಾತ್ರ. ನಾವು ತಿನ್ನುವ ಕಾಳಿನಲ್ಲಿ ವಿಕಿರಣ ಇರುವುದಿಲ್ಲ.

ಈಗಿನದು ಡಿಎನ್‌ಎ ಗುರುತು ನೋಡಿ ಆರಿಸುವ ವಿಧಾನ. ರೋಗ ತಡೆಯುವ ಜೀನ್ ಪಕ್ಕದಲ್ಲಿ ಯಾವ ಗುರುತು ಇದೆ ಅಂತ ಮೊದಲು ಪತ್ತೆ ಮಾಡಿಕೊಂಡಿರುತ್ತಾರೆ. ಸಸಿ ಎರಡೆಲೆ ಬಿಟ್ಟಾಗಲೇ ಚೂರು ಎಲೆ ಕಿತ್ತು ಪರೀಕ್ಷಿಸಿದರೆ ಸಾಕು. ರೋಗ ಬರುವ ತನಕ ಕಾಯಬೇಕಿಲ್ಲ. ಇದಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. ಅಣ್ಣಿಗೇರಿ-1 ಕಡಲೆ ಉತ್ತರ ಕರ್ನಾಟಕದವರ ಅಚ್ಚುಮೆಚ್ಚಿನ ಹಳೆಯ ತಳಿ. ಆದರೆ ಸೊರಗು ರೋಗಕ್ಕೆ ಸೋಲುತ್ತಿತ್ತು. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಹೈದರಾಬಾದಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ, ಡಬ್ಲ್ಯುಆರ್-315 ಎಂಬ ತಳಿಯಿಂದ ರೋಗ ತಡೆಯುವ ಗುಣವನ್ನಷ್ಟೇ ಅದಕ್ಕೆ ತಂದರು. ಕಾಳಿನ ರೂಪ, ರುಚಿ ಅಣ್ಣಿಗೇರಿಯದ್ದೇ. 2019ರಲ್ಲಿ ಅದು ‘ಸೂಪರ್ ಅಣ್ಣಿಗೇರಿ-1’ ಆಗಿ ಹೊರಬಂತು. ಊರಿನವರು ನೆಚ್ಚಿದ ತಳಿಯನ್ನು ಕಿತ್ತುಹಾಕದೆ ಅದರ ಒಂದು ಕೊರತೆಯನ್ನಷ್ಟೇ ನೀಗಿಸಿದ ಈ ಕೆಲಸ ನನಗೆ ತುಂಬ ಹಿಡಿಸಿದೆ. ನಮ್ಮ ಊರ ಉದ್ದಿಗೂ ಇಂಥದ್ದು ಆಗಬೇಕು. ಹೆಸರುಕಾಳಿನ ಜೀನೋಮ್, ಅಂದರೆ ಅದರ ಡಿಎನ್‌ಎ ನಕ್ಷೆಯ ಕರಡು 2014ರಲ್ಲೇ ಪ್ರಕಟವಾಗಿದೆ. ಉದ್ದು ಅದರ ಹತ್ತಿರದ ಸಂಬಂಧಿ. ಹಾಗಾಗಿ ಹುಡುಕಾಟ ಸೊನ್ನೆಯಿಂದ ಶುರುವಾಗಬೇಕಿಲ್ಲ.

ದಿನಕ್ಕೆ 22 ಗಂಟೆ ಬೆಳಕು ಕೊಟ್ಟು ವರ್ಷಕ್ಕೆ ಹಲವು ಪೀಳಿಗೆ ತೆಗೆಯುವ ‘ಸ್ಪೀಡ್ ಬ್ರೀಡಿಂಗ್’ ಬಗ್ಗೆಯೂ ಕೇಳಿರುತ್ತೀರಿ. ಕಡಲೆಗೆ ಅದು ಹೊಂದುತ್ತದೆ, ಅದು ಹಗಲು ಉದ್ದವಿದ್ದಾಗ ಹೂ ಬಿಡುವ ಗಿಡ. ಉದ್ದು, ಹೆಸರು, ತೊಗರಿ ಹಗಲು ಗಿಡ್ಡವಾದಾಗ ಹೂ ಬಿಡುವ ಜಾತಿಯವು. ಅವಕ್ಕೆ ಬೆಳಕಿನ ಲೆಕ್ಕವೇ ಬೇರೆ ಮಾಡಬೇಕು.

ಇಷ್ಟೆಲ್ಲ ಸಾಧನ ಹಿಡಿದು ಮಜಲು ಗದ್ದೆಗೆ ಯಾವ ಗುಣ ಹುಡುಕಬೇಕು? ಬೇಗ ಹೂ ಬಿಡಬೇಕು. ಕಾಯಿಗಳೆಲ್ಲ ಒಟ್ಟಿಗೆ ಮಾಗಬೇಕು, ಇಲ್ಲದಿದ್ದರೆ ಕೀಳುವ ಕೂಲಿಯೇ ತಿಂದುಹಾಕುತ್ತದೆ. ಬೇರು ಬೇಗ ಆಳಕ್ಕೆ ಇಳಿಯಬೇಕು. ಕಾನ್ಪುರದ ಭಾರತೀಯ ಬೇಳೆಕಾಳು ಸಂಶೋಧನಾ ಸಂಸ್ಥೆಯ ‘ವಿರಾಟ್’ ಎಂಬ ಹೆಸರುಕಾಳಿನ ತಳಿ 52–55 ದಿನದಲ್ಲಿ ಮಾಗುತ್ತದೆ. ಇಷ್ಟು ಬೇಗ ಬರುವ ಗಿಡಕ್ಕೆ ಎಲೆ ಬೆಳೆಸಲು ಸಮಯ ಕಡಿಮೆ, ಹಾಗಾಗಿ ನೀರಾವರಿಯಲ್ಲಿ ನಿಧಾನದ ತಳಿ ಇದನ್ನು ಮೀರಿಸಬಹುದು. ಆದರೆ ನೀರಿಲ್ಲದ ಫೆಬ್ರವರಿಯಲ್ಲಿ ನಿಧಾನದ ತಳಿಯ ಸಾಮರ್ಥ್ಯ ಯಾರಿಗೆ ಬೇಕು?

ಹಳದಿ ಎಲೆಯ ಕಾಟ

ಉದ್ದು ಬೆಳೆದವರಿಗೆ ಹಳದಿ ನಂಜು ರೋಗ ಹೊಸದಲ್ಲ. ಮೊದಲು ಎಳೆ ಎಲೆಯಲ್ಲಿ ಸಣ್ಣ ಹಳದಿ ಚುಕ್ಕೆ, ಆಮೇಲೆ ಹಸುರು–ಹಳದಿ ತೇಪೆ, ಕೊನೆಗೆ ಇಡೀ ಗಿಡ ಅರಸಿನ ಬಣ್ಣ. ಇದು ವೈರಸ್. ಬಿಳಿ ನೊಣ ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ಒಮ್ಮೆ ಗಿಡದ ಒಳಗೆ ಹೋದ ಮೇಲೆ ಯಾವ ಔಷಧಿ ಹೊಡೆದರೂ ವಾಸಿಯಾಗುವುದಿಲ್ಲ. ಅಂಗಡಿಯಲ್ಲಿ ಯಾರಾದರೂ “ಇದು ಹೊಡೀರಿ, ಹಸುರಾಗುತ್ತೆ” ಅಂದರೆ ನಂಬಬೇಡಿ. ಶುರುವಿನಲ್ಲೇ ಒಂದೆರಡು ಗಿಡ ಕಂಡರೆ ಕಿತ್ತು ಹೂಳುವುದು, ನೊಣವನ್ನು ಹದ್ದುಬಸ್ತಿನಲ್ಲಿ ಇಡುವುದು, ಎಲ್ಲಕ್ಕಿಂತ ಮೇಲಾಗಿ ರೋಗ ತಡೆಯುವ ತಳಿ ಬಿತ್ತುವುದು. ಇಷ್ಟೇ ದಾರಿ.

ಇಲ್ಲೊಂದು ಸೂಕ್ಷ್ಮ ಇದೆ. ಈ ರೋಗ ತರುವ ವೈರಸ್ ಒಂದೇ ಅಲ್ಲ. ಉತ್ತರ ಭಾರತದಲ್ಲಿ ಹೆಚ್ಚಾಗಿ ಕಾಣುವುದು ಒಂದು ಜಾತಿ, ದಕ್ಷಿಣದಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು. ಕಾನ್ಪುರದಲ್ಲಿ ರೋಗವೇ ತಾಗದ ತಳಿ ಕೋಟದಲ್ಲೋ ಮೂಲ್ಕಿಯಲ್ಲೋ ಹಳದಿಯಾಗಬಹುದು. ಧಾರವಾಡದ ಡಿಬಿಜಿವಿ-5ರಂತೆ ದಕ್ಷಿಣದ ನೆಲದಲ್ಲೇ ಆರಿಸಿದ ತಳಿಗಳಿಗೆ ಬೆಲೆ ಇರುವುದು ಇದೇ ಕಾರಣಕ್ಕೆ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದ ಪ್ರಯೋಗಗಳೂ, ರೈತರ ಗದ್ದೆಯಲ್ಲೇ ಕೃಷಿ ವಿಜ್ಞಾನ ಕೇಂದ್ರ ನಡೆಸುವ ಪ್ರಾತ್ಯಕ್ಷಿಕೆಗಳೂ ಮುಖ್ಯವಾಗುವುದು ಇದಕ್ಕೇ. ತಳಿಯ ಹೆಸರು ಹಿಡಿದು ಓಡುವ ಮೊದಲು, ನಮ್ಮ ತಾಲೂಕಿನಲ್ಲಿ ಅದು ಬೆಳೆದ ಗದ್ದೆ ಎಲ್ಲಿದೆ ಅಂತ ಅವರನ್ನೇ ಕೇಳಿ, ಹೋಗಿ ನೋಡಿ ಬನ್ನಿ.

ಬೇರು ಕಿತ್ತು ನೋಡಿ

ಮೂವತ್ತು ದಿನದ ಉದ್ದಿನ ಗಿಡವನ್ನು ಮಣ್ಣು ಸಮೇತ ಎಬ್ಬಿಸಿ, ನೀರಿನಲ್ಲಿ ಅದ್ದಿ ತೊಳೆಯಿರಿ. ಬೇರಿನಲ್ಲಿ ಸಾಸಿವೆಗಿಂತ ತುಸು ದೊಡ್ಡ ಗಂಟುಗಳು ಕಾಣಬೇಕು. ಉಗುರಿನಿಂದ ಒಂದನ್ನು ಸೀಳಿ. ಒಳಗೆ ರಕ್ತದಂತೆ ಕೆಂಪಗಿದ್ದರೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ, ಗಾಳಿಯ ಸಾರಜನಕ ಗಿಡಕ್ಕೆ ಸಿಗುತ್ತಿದೆ. ಬಿಳಿ ಅಥವಾ ಹಸಿರಾಗಿದ್ದರೆ ಗಂಟು ಇದ್ದೂ ಪ್ರಯೋಜನ ಇಲ್ಲ.

ನಮ್ಮ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ರಂಜಕ ಸಿಕ್ಕಿಹಾಕಿಕೊಳ್ಳುತ್ತದೆ. ಸಾರಜನಕ ಹಿಡಿಯಲು ತೀರಾ ಅಗತ್ಯವಾದ ಮಾಲಿಬ್ಡಿನಂ ಕೂಡ ಬೇರಿಗೆ ಸಿಗುವುದಿಲ್ಲ. ಎಂಥ ಒಳ್ಳೆಯ ತಳಿ ತಂದರೂ ಇಲ್ಲಿ ಸೊರಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟು ಸುಣ್ಣ ಬಿತ್ತನೆಗೆ ಎರಡು ಮೂರು ವಾರ ಮೊದಲೇ ಗದ್ದೆಗೆ ಕೊಡಬೇಕು. ಚಿಪ್ಪಿನ ಸುಣ್ಣವೂ ಆಗುತ್ತದೆ. ಏಣೆಲು ಕೊಯ್ಲಿನ ನಂತರ ಅಷ್ಟು ಪುರುಸೊತ್ತು ಇರುವುದಿಲ್ಲ, ಆದ್ದರಿಂದ ಭತ್ತದ ಉಳುಮೆಯಲ್ಲೇ ಕೊಟ್ಟರೆ ಎರಡೂ ಬೆಳೆಗೆ ಆಯಿತು.

ಬೇರಿನ ಗಂಟಿನ ಈ ಬ್ಯಾಕ್ಟೀರಿಯಾ, ಅಂದರೆ ರೈಜೋಬಿಯಂ, ಬೀಜಕ್ಕೆ ಹಚ್ಚುವಾಗ ಎರಡು ತಪ್ಪು ಸಾಮಾನ್ಯ. ಕಡಲೆಗೆ ಅಂತ ಬರೆದ ಪೊಟ್ಟಣ ಉದ್ದಿಗೆ ಕೆಲಸ ಮಾಡುವುದಿಲ್ಲ. ಉದ್ದು, ಹೆಸರು, ಅಲಸಂಡೆ, ಹುರುಳಿಗೆ ಒಂದೇ ಗುಂಪಿನ ಬ್ಯಾಕ್ಟೀರಿಯಾ ಆಗುತ್ತದೆ, ಕಡಲೆಯದ್ದು ಬೇರೆ. ಎರಡನೆಯದು, ಬ್ಯಾಕ್ಟೀರಿಯಾ ಹಚ್ಚಿದ ಬೀಜಕ್ಕೆ ಸುಟ್ಟ ಸುಣ್ಣ ತಾಗಿಸುವುದು. ಅದು ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಬೆಲ್ಲದ ನೀರಿನಲ್ಲಿ ರೈಜೋಬಿಯಂ ಕಲಸಿ ಹಚ್ಚಿದ ಮೇಲೆ ಬೀಜಕ್ಕೆ ಲೇಪಿಸುವುದಾದರೆ ಸುಡದ ಸುಣ್ಣಕಲ್ಲಿನ ನುಣುಪಾದ ಪುಡಿ ಮಾತ್ರ. ನೆರಳಲ್ಲಿ ಆರಿಸಿ ಅಂದೇ ಬಿತ್ತಿ. ಶಿಲೀಂಧ್ರನಾಶಕ, ಕೀಟನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ.

ಒಂದು ಚದರ ಮೀಟರಿನ ಲೆಕ್ಕ

ಇಳುವರಿ ಎಲ್ಲಿ ಸೋರುತ್ತದೆ ಅಂತ ನೋಡಲು ಗದ್ದೆಯಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗ ಗುರುತಿಸಿ ಗಿಡ ಎಣಿಸಿ. ಸಾಲಿನಿಂದ ಸಾಲಿಗೆ 30, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಇಟ್ಟರೆ 33 ಗಿಡ ಇರಬೇಕು. ಗಿಡಕ್ಕೆ 15 ಕಾಯಿ, ಕಾಯಿಗೆ 6 ಕಾಳು, 100 ಕಾಳಿಗೆ 4 ಗ್ರಾಂ ಅಂತ ಹಿಡಿದರೆ ಚದರ ಮೀಟರಿಗೆ ಸುಮಾರು 119 ಗ್ರಾಂ. ಎಕರೆಗೆ 4.8 ಕ್ವಿಂಟಾಲ್ ಆಯಿತು. ಎರಚಿ ಬಿತ್ತಿ, ಅರ್ಧ ಮೊಳೆಯದೆ, 15 ಗಿಡ ಉಳಿದು, ತಲಾ 12 ಕಾಯಿ ಬಿಟ್ಟರೆ? ಎಕರೆಗೆ ಒಂದೂಮುಕ್ಕಾಲು ಕ್ವಿಂಟಾಲ್. ತಳಿ ಅದೇ, ಕಾಳೂ ಅದೇ. ವ್ಯತ್ಯಾಸ ಹುಟ್ಟಿದ್ದು ಬಿತ್ತನೆಯಲ್ಲಿ.

ಹಾಗಾಗಿ ಐವತ್ತು ಸೆಂಟ್ಸ್ ಗದ್ದೆಯವರಿಗೆ ಡ್ರೋನ್‌ಗಿಂತ ಕೈಯಿಂದ ತಳ್ಳುವ ಬಿತ್ತನೆ ಯಂತ್ರ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಬೀಜವನ್ನು ನಾಲ್ಕೈದು ಗಂಟೆ ನೀರಲ್ಲಿ ನೆನೆಸಿ, ನೆರಳಲ್ಲಿ ಮೇಲ್ಮೈ ಆರಿಸಿ ಬಿತ್ತಿದರೆ ಪಸೆ ಕಡಿಮೆ ಇದ್ದರೂ ಬೇಗ ಮೊಳೆಯುತ್ತದೆ. ಹೂ ಬಿಡುವ ಹೊತ್ತಿಗೆ ಬೇರಿನಿಂದ ಆಹಾರ ಎಳೆಯುವುದು ಕಷ್ಟ, ಎಲೆಗೆ ಕೊಡಬೇಕು. 10 ಲೀಟರ್ ನೀರಿಗೆ 200 ಗ್ರಾಂ ಡಿಎಪಿ ಗೊಬ್ಬರ ರಾತ್ರಿ ನೆನೆಸಿ, ಬೆಳಗ್ಗೆ ತಿಳಿ ಸೋಸಿ ಸಿಂಪಡಿಸುವುದು ಹಳೆಯ ಕ್ರಮ. ರಾಯಚೂರು ಕೃಷಿ ವಿಶ್ವವಿದ್ಯಾಲಯ ರೂಪಿಸಿದ, ಎಲೆಗೆ ಸಿಂಪಡಿಸುವ ಪೋಷಕಾಂಶಗಳ ಮಿಶ್ರಣ ‘ಪಲ್ಸ್ ಮ್ಯಾಜಿಕ್’ ಕೂಡ ಇದೆ. ಎಕರೆಗೆ 2 ಕಿಲೋದಂತೆ, ಹೂ ಬಿಡುವಾಗ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ. ಹೂ ಉದುರುವುದು ಕಡಿಮೆಯಾಗುತ್ತದೆ.

ಇನ್ನು ನವಿಲು, ಬಿಟ್ಟ ದನ. ಒಬ್ಬರೇ ಉದ್ದು ಹಾಕಿದರೆ ಊರಿನ ನವಿಲು, ದನ ಎಲ್ಲ ಆ ಒಂದು ಗದ್ದೆಗೇ ಬರುತ್ತವೆ. ಬೈಲಿಡೀ ಖಾಲಿ ಬಿದ್ದು ನಡುವೆ ಒಂದೇ ಹಸುರು ಇದ್ದರೆ ಕಾಯುವುದು ಯಾರಿಂದಲೂ ಆಗದ ಕೆಲಸ. ನೆರೆಕರೆಯ ಹತ್ತು ಮನೆಯವರು ಒಂದೇ ವಾರದಲ್ಲಿ ಬಿತ್ತಿದರೆ ಕಾವಲೂ ಹಂಚಿಕೊಳ್ಳಬಹುದು, ಟಿಲ್ಲರ್ ಬಾಡಿಗೆಯೂ ಇಳಿಯುತ್ತದೆ. ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ 11,440 ಕೋಟಿ ರೂಪಾಯಿಯ ಬೇಳೆಕಾಳು ಸ್ವಾವಲಂಬನೆ ಯೋಜನೆ ಶುರು ಮಾಡಿದೆ. ತೊಗರಿ, ಉದ್ದು, ಮಸೂರಕ್ಕೆ ಅದರಲ್ಲಿ ಒತ್ತು. ಭತ್ತದ ನಂತರ ಖಾಲಿ ಉಳಿಯುವ ಗದ್ದೆಗಳಿಗೆ ಬೇಳೆಕಾಳು ತರುವುದೂ ಅದರಲ್ಲಿ ಸೇರಿದೆ. ಗುಂಪಾಗಿ ಹೋಗಿ ರೈತ ಸಂಪರ್ಕ ಕೇಂದ್ರದಲ್ಲಿ ಬೀಜ ಕೇಳಲು ಇದು ಒಳ್ಳೆಯ ಸಮಯ. ದಕ್ಷಿಣ ಕನ್ನಡದವರಿಗೆ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರವೂ ಇದೆ.

ಒಮ್ಮೆ ಒಳ್ಳೆಯ ತಳಿ ಕೈಗೆ ಬಂದರೆ ಮೂರು ನಾಲ್ಕು ವರ್ಷ ಮನೆಯಲ್ಲೇ ಬೀಜ ಉಳಿಸಿಕೊಳ್ಳಬಹುದು. ಗದ್ದೆಯ ಒಳ್ಳೆಯ ಮೂಲೆಯೊಂದರಲ್ಲಿ ಹಳದಿ ಗಿಡ, ಬೇರೆ ರೂಪದ ಗಿಡ ಕಿತ್ತುಹಾಕಿ, ಉಳಿದದ್ದನ್ನು ಬೀಜಕ್ಕೆ ಬಿಡಿ. ನಮ್ಮ ಮಳೆಗಾಲದ ಥಂಡಿ ಮತ್ತು ಕಾಳು ಕೊರೆಯುವ ಹುಳ, ಇವೆರಡೇ ಬೀಜದ ಶತ್ರು. ಹುಳ ಗದ್ದೆಯಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಅದಕ್ಕೇ ಕಾಳನ್ನು ಹಲ್ಲಿಗೆ ಕಟಕ್ ಅನ್ನುವಷ್ಟು ಒಣಗಿಸಿ, ಗಾಳಿಯಾಡದ ಡ್ರಮ್ಮಿನಲ್ಲೋ ಒಳಪದರ ಇರುವ ಚೀಲದಲ್ಲೋ ಬಿಗಿಯಾಗಿ ಕಟ್ಟಿಡಬೇಕು. ಭತ್ತದ ಕೊಯ್ಲಿಗೆ ಒಂದು ವಾರ ಇರುವಾಗ ಅದರಿಂದ 100 ಕಾಳು ಎಣಿಸಿ ತೆಗೆದು, ಒದ್ದೆ ಗೋಣಿಯಲ್ಲಿ ಸುತ್ತಿಡಿ. ನಾಲ್ಕೈದು ದಿನ ಬಿಟ್ಟು ಬಿಚ್ಚಿ ನೋಡಿ. 75ಕ್ಕಿಂತ ಹೆಚ್ಚು ಮೊಳೆತಿದ್ದರೆ ಅದನ್ನೇ ಬಿತ್ತಿ. ಕಡಿಮೆ ಇದ್ದರೆ ಬೇರೆ ಬೀಜ ತರಲು ಇನ್ನೂ ಸಮಯ ಇದೆ.